ಬಿಳಿ ಕಣ್ಣಿನ ಹೆಣ್ಣು ನೊಣ ಎಲ್ಲಿಂದ ಬಂತು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಈ ವರ್ಷ ಮಕ್ಕಳ ಕೈಯಲ್ಲಿ ಹಣ್ಣುನೊಣ ಸಾಕಿಸಿ ಕ್ರಾಸ್ ಮಾಡಿಸಿದೆ, ಅಂದರೆ ಬೇರೆ ಬೇರೆ ಗುಣದ ಗಂಡು ಹೆಣ್ಣು ಕೂಡಿಸಿದೆ. ಬಿಳಿ ಕಣ್ಣಿನ ಐದು ಹೆಣ್ಣು, ಕೆಂಪು ಕಣ್ಣಿನ ಐದು ಗಂಡು. ಹುಟ್ಟುವ ಹೆಣ್ಣೆಲ್ಲ ಕೆಂಪು, ಗಂಡೆಲ್ಲ ಬಿಳಿ ಎಂದು ಮೊದಲೇ ಬೋರ್ಡಿನ ಮೇಲೆ ಬರೆದುಬಿಟ್ಟಿದ್ದೆ. ಎಣಿಸಿದಾಗ ಕೆಂಪು ಕಣ್ಣಿನ ಹೆಣ್ಣು 62, ಬಿಳಿ ಕಣ್ಣಿನ ಗಂಡು 74, ಸರಿ. ಆದರೆ ಬಿಳಿ ಕಣ್ಣಿನ ಹೆಣ್ಣೂ 17 ಸಿಕ್ಕವು! ಕೆಂಪು ಕಣ್ಣಿನ ಗಂಡು ಒಂದೂ ಇಲ್ಲ. "ಆ 17 ಬಿಟ್ಟು ರೆಕಾರ್ಡ್ ಬರೀಲಾ ಮಿಸ್?" ಎಂದು ಮಕ್ಕಳು ಕೇಳುತ್ತಿದ್ದಾರೆ. ಏನು ಹೇಳಲಿ?
– ಉಪನ್ಯಾಸಕಿ, ವಿಜಯನಗರ

ಉತ್ತರ: ಬಿಡಬೇಡಿ ಮೇಡಂ, ದಯವಿಟ್ಟು ಬಿಡಬೇಡಿ. ನಿಮ್ಮ ಇಡೀ ಪ್ರಯೋಗದಲ್ಲಿ ಮಜಾ ಇರುವುದೇ ಆ 17ರಲ್ಲಿ.

ಪತ್ತೇದಾರಿ ಮಾಡೋಣ ಬನ್ನಿ. ಕಣ್ಣು ಬಿಳಿಯಾಗಿಸುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ (ಜೀವಕೋಶದೊಳಗೆ ಜೀನುಗಳನ್ನು ಹೊತ್ತ ಎಳೆಯೇ ಕ್ರೋಮೋಸೋಮ್). ಗಂಡಿಗೆ ಒಂದೇ ಎಕ್ಸ್, ಅದು ಅಮ್ಮನದು. ಹೆಣ್ಣಿಗೆ ಎರಡು, ಒಂದು ಅಮ್ಮನದು, ಇನ್ನೊಂದು ಅಪ್ಪನದು. ಕೆಂಪು ಬಿಳಿ ಎರಡೂ ಇದ್ದರೆ ಗೆಲ್ಲುವುದು ಕೆಂಪು, ಹಾಗಾಗಿ ಅಪ್ಪನಿಂದ ಕೆಂಪಿನ ಎಕ್ಸ್ ಬಂದಿದ್ದರೆ ಮಗಳ ಕಣ್ಣು ಕೆಂಪಾಗಲೇಬೇಕು. ಅಂದಮೇಲೆ ಆ 17 ಹೆಣ್ಣುಗಳ ಅಪ್ಪ ನೀವು ಬಾಟಲಿಗೆ ಹಾಕಿದ ಕೆಂಪು ಕಣ್ಣಿನವನಲ್ಲ. ಬೇರೆ ಯಾರೋ ಬಿಳಿ ಕಣ್ಣಿನವನು!

ಯಾರಿರಬಹುದು? ನನ್ನ ಅನುಮಾನ ಅವುಗಳ ಅಮ್ಮಂದಿರ ಅಣ್ಣತಮ್ಮಂದಿರ ಮೇಲೆ. ಹೆಣ್ಣು ನೊಣ ಕೋಶದಿಂದ (ಹುಳು ನೊಣವಾಗುವ ಗೂಡು, ಪ್ಯೂಪಾ) ಹೊರಬಂದು ಸುಮಾರು ಎಂಟು ಗಂಟೆ ಗಂಡಿನ ಜೊತೆ ಕೂಡುವುದಿಲ್ಲ, ಆಮೇಲೆ ತಡ ಮಾಡುವುದಿಲ್ಲ. ಒಮ್ಮೆ ಕೂಡಿದರೆ ಆ ವೀರ್ಯವನ್ನು ಹೊಟ್ಟೆಯೊಳಗೆ ಜೋಪಾನವಾಗಿ ಇಟ್ಟುಕೊಂಡು ದಿನಗಟ್ಟಲೆ ಮೊಟ್ಟೆ ಇಡುತ್ತದೆ. ಬಿಳಿ ಕಣ್ಣಿನ ಸ್ಟಾಕ್ ಬಾಟಲಿಯಿಂದ ನಿಮ್ಮ ಮಕ್ಕಳು ಹೆಣ್ಣು ಆರಿಸುವ ಹೊತ್ತಿಗೆ ಒಂದೆರಡಕ್ಕಾದರೂ ಅಲ್ಲೇ ಮದುವೆ ಮುಗಿದಿತ್ತು ಅನಿಸುತ್ತದೆ. ಇಲ್ಲದಿದ್ದರೆ ಗಂಡುಗಳನ್ನು ಹಾಕುವಾಗ ಒಂದು ಬಿಳಿ ಕಣ್ಣಿನವನು ನುಸುಳಿರಬೇಕು. ಎರಡರಲ್ಲಿ ಯಾವುದು ಎಂದು ಈ ಲೆಕ್ಕದಿಂದ ಹೇಳಲು ಬರುವುದಿಲ್ಲ.

ಕೆಂಪು ಕಣ್ಣಿನ ಗಂಡು ಒಂದೂ ಇಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೆ ನಿಮಗೆ ಶಭಾಷ್ ಹೇಳಬೇಕು. ಎಷ್ಟೋ ಜನ ಇಲ್ಲದ್ದನ್ನು ಬರೆಯುವುದೇ ಇಲ್ಲ. ಕೆಂಪು ಕಣ್ಣಿನ ಹೆಣ್ಣು ಅಮ್ಮಂದಿರ ಸಾಲಿಗೆ ಸೇರಿದ್ದರೆ ಕೆಂಪು ಗಂಡುಮಕ್ಕಳು ಹುಟ್ಟಬೇಕಿತ್ತು. ನೀವು ತಡವಾಗಿ ಎಣಿಸಿ ಮೊಮ್ಮಕ್ಕಳೂ ಬೆರೆತಿದ್ದರೂ ಅಷ್ಟೇ, ಕೆಂಪು ಗಂಡು ಕಾಣಿಸುತ್ತಿತ್ತು. ಹುಟ್ಟಿಲ್ಲ, ಹಾಗಾಗಿ ಆ ಎರಡೂ ದಾರಿ ಮುಚ್ಚಿದವು. ಒಂದು ಎಚ್ಚರಿಕೆ: 79 ಹೆಣ್ಣಿನಲ್ಲಿ 17 ಅಂದರೆ ಸುಮಾರು ಐದರಲ್ಲೊಂದು, ಹಾಗಾದರೆ ಐದು ಅಮ್ಮಂದಿರಲ್ಲಿ ಮೊದಲೇ ಕೂಡಿದ್ದು ಒಂದೇ ಎಂದು ಯಾರಾದರೂ ಜಾಣ ಹುಡುಗ ಹೇಳುತ್ತಾನೆ. ಒಪ್ಪಬೇಡಿ. ಎರಡನೇ ಗಂಡು ಬಂದಾಗ ಮೊದಲನೆಯವನ ವೀರ್ಯ ಬಹುಪಾಲು ಹಿಂದೆ ಬೀಳುತ್ತದೆ, ಆದ್ದರಿಂದ ಕೂಡಿದ್ದ ಹೆಣ್ಣು ಒಂದಕ್ಕಿಂತ ಜಾಸ್ತಿಯೇ ಇರಬಹುದು.

ಮುಂದಿನ ಸಲ ಹೀಗೆ ಮಾಡಿ. ಬೆಳಿಗ್ಗೆ ಎಂಟಕ್ಕೆ ಸ್ಟಾಕ್ ಬಾಟಲಿಯಿಂದ ದೊಡ್ಡ ನೊಣಗಳನ್ನೆಲ್ಲ ಹೊರಗೆ ಹಾಕಿ, ಕೋಶಗಳು ಮಾತ್ರ ಉಳಿಯಲಿ, ಮೂರೂವರೆಯೊಳಗೆ ಹೊರಬಂದ ಹೆಣ್ಣುಗಳನ್ನು ಆರಿಸಿ. ಎಳೆಯ ನೊಣದ ಮೈ ಪೇಲವವಾಗಿರುತ್ತದೆ, ಹೊಟ್ಟೆಯೊಳಗೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ, ಆ ಚುಕ್ಕೆ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಪೂರ್ತಿ ಬೆಳೆದ ಗಂಡಿನ ಹೊಟ್ಟೆಯ ತುದಿ ಕಪ್ಪು, ಎಳೆಯದರಲ್ಲಿ ಅದು ಅಷ್ಟು ತಿಳಿಯುವುದಿಲ್ಲ, ಆಗ ಮುಂಗಾಲು ನೋಡಿ, ಗಂಡಿಗೆ ಅಲ್ಲಿ ಪುಟ್ಟ ಬಾಚಣಿಗೆ ಇರುತ್ತದೆ. ಆರಿಸಿದ ಹೆಣ್ಣುಗಳನ್ನು ಗಂಡಿಲ್ಲದೆ ಮೂರ್ನಾಲ್ಕು ದಿನ ಬೇರೆ ವಯಲ್‌ನಲ್ಲಿ ಇಡಿ. ಮೊಟ್ಟೆ ಇಟ್ಟರೂ ಹುಳು ಆಗದಿದ್ದರೆ ಸರಿ. ಹುಳು ಹರಿದಾಡಿದರೆ ಆ ವಯಲ್ ಕೈಬಿಡಿ. ಕ್ರಾಸ್ ಹಾಕಿದ ಆರೇಳು ದಿನಕ್ಕೆ ಅಪ್ಪ ಅಮ್ಮ ಎಲ್ಲರನ್ನೂ ಹೊರಗೆ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅವರೂ ಮಕ್ಕಳ ಲೆಕ್ಕಕ್ಕೆ ಸೇರುತ್ತಾರೆ. ನೊಣಗಳನ್ನು ಮಂಪರು ಮಾಡಲು ಈಥರ್ ಬೇಡ, ಬೆಂಕಿ ಕಂಡರೆ ಭಗ್ ಅನ್ನುತ್ತದೆ. ವಯಲನ್ನು ಐಸಿನಲ್ಲಿ ನೆಟ್ಟರೆ ಸಾಕು.

ಇದೇ ಬಿಳಿ ಕಣ್ಣಿನ ಹೆಣ್ಣು ಒಂದು ಕಾಲಕ್ಕೆ ದೊಡ್ಡ ಸುದ್ದಿಯನ್ನೂ ಮಾಡಿತ್ತು. ಎಲ್ಲ ಎಚ್ಚರಿಕೆ ತೆಗೆದುಕೊಂಡರೂ ಸುಮಾರು ಎರಡು ಸಾವಿರಕ್ಕೊಂದು ಹಾಗೆ ಹುಟ್ಟುತ್ತದೆ. ಅಮ್ಮನ ಎರಡು ಎಕ್ಸ್ ಬೇರೆಯಾಗದೆ ಒಟ್ಟಿಗೇ ಮೊಟ್ಟೆಗೆ ಹೋಗಿರುತ್ತವೆ. ವಿಜ್ಞಾನಿ ಕ್ಯಾಲ್ವಿನ್ ಬ್ರಿಡ್ಜಸ್ 1916ರಲ್ಲಿ ಇದನ್ನು ತೋರಿಸಿ, ಜೀನ್ ಕ್ರೋಮೋಸೋಮಿನ ಮೇಲೇ ಇದೆ ಎನ್ನುವುದಕ್ಕೆ ಪುರಾವೆ ಕೊಟ್ಟರು. ನಿಮ್ಮದು 153ಕ್ಕೆ 17, ಆ ಆಸೆ ಇಟ್ಟುಕೊಳ್ಳಬೇಡಿ.

ರೆಕಾರ್ಡ್ ವಿಷಯಕ್ಕೆ ಬರುತ್ತೇನೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಬಿಳಿ ಕಣ್ಣಿನ ಒಂದೇ ಒಂದು ಗಂಡು ಸಿಕ್ಕಿತ್ತು. ಕೆಂಪು ಕಣ್ಣಿನ ಹೆಣ್ಣುಗಳ ಜೊತೆ ಬಿಟ್ಟಾಗ 1,237 ಕೆಂಪು ಕಣ್ಣಿನ ಮಕ್ಕಳು, ಜೊತೆಗೆ ಲೆಕ್ಕಕ್ಕೆ ಸಿಗದ ಮೂರು ಬಿಳಿ ಕಣ್ಣಿನ ಗಂಡು. 1910ರ ಲೇಖನದಲ್ಲಿ ಆ ಮೂರನ್ನೂ ಬರೆದಿದ್ದಾರೆ. ಮುಂದಿನ ತಲೆಮಾರಿನಲ್ಲಿ ಕೆಂಪು ಹೆಣ್ಣು 2,459, ಕೆಂಪು ಗಂಡು 1,011, ಬಿಳಿ ಗಂಡು 782. ಕೂಡಿ ಭಾಗಿಸಿ ನೋಡಿ, ನಿಯಮದ ಪ್ರಕಾರ ಬರಬೇಕಾದ ಮೂರು ಕೆಂಪಿಗೊಂದು ಬಿಳಿ ಎಲ್ಲಿ ಬಂತು? ಹತ್ತಿರ ಹತ್ತಿರ ನಾಲ್ಕೂವರೆಗೊಂದು. ಬಿಳಿ ಕಣ್ಣಿನವು ಬದುಕುವುದೇ ಸ್ವಲ್ಪ ಕಮ್ಮಿ. ಇಷ್ಟು ಸೊಟ್ಟ ಲೆಕ್ಕವನ್ನು ಅವರು ಇದ್ದ ಹಾಗೇ ಅಚ್ಚು ಹಾಕಿಸಿದರು, 1933ರಲ್ಲಿ ನೊಬೆಲ್ ಕೂಡ ಬಂತು. ನಮ್ಮ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಮಾತ್ರ ಪ್ರತಿ ವರ್ಷ, ಪ್ರತಿ ಬ್ಯಾಚಿಗೂ, ಅಳೆದು ಸುರಿದ ಹಾಗೆ 75ಕ್ಕೆ 25! (ನಾನೂ ವಿದ್ಯಾರ್ಥಿಯಾಗಿದ್ದಾಗ ಪಕ್ಕದವನದ್ದು ನೋಡಿ ಬರೆದವನೇ, ಮುಚ್ಚಿಡುವುದೇನು.)

ಪ್ರಶ್ನೆ: ನಮ್ಮ ಅಡುಗೆಮನೆಯ ಬಾಳೆಹಣ್ಣಿಗೆ ಮುತ್ತುವ ನೊಣ ಹಿಡಿದು ಇದೇ ಪ್ರಯೋಗ ಮಾಡಬಹುದಾ ಸರ್?
– ದ್ವಿತೀಯ ಪಿಯು ವಿದ್ಯಾರ್ಥಿ, ಬಸವನಗುಡಿ

ಉತ್ತರ: ಮೊಟ್ಟೆ, ಹುಳು, ಕೋಶ, ನೊಣ ನೋಡಲಿಕ್ಕೆ ಧಾರಾಳವಾಗಿ ಮಾಡಪ್ಪ. 25 ಡಿಗ್ರಿಯಲ್ಲಿ ಹತ್ತು ದಿನಕ್ಕೆ ಒಂದು ತಲೆಮಾರು, ನಮ್ಮ ಬೆಂಗಳೂರಿನ ಹವೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಏಪ್ರಿಲ್ ಬಿಟ್ಟು. ಮೂವತ್ತು ದಾಟಿದರೆ ಮರಿ ಕಮ್ಮಿಯಾಗುತ್ತದೆ. ಆದರೆ ಕ್ರಾಸ್ ಮಾಡಲು ಬೇರೆ ಬೇರೆ ಗುಣದವು ಬೇಕಲ್ವಾ? ಮನೆಯಲ್ಲಿ ಸಿಗುವವು ಎಲ್ಲ ಕೆಂಪು ಕಣ್ಣಿನವೇ, ಅದೂ ಒಂದೇ ಜಾತಿ ಎನ್ನುವ ಖಾತ್ರಿ ಇಲ್ಲ. ಬಿಳಿ ಕಣ್ಣು, ಮೊಂಡು ರೆಕ್ಕೆ, ಕಪ್ಪು ಮೈಯಿನವನ್ನು ತಲೆಮಾರುಗಟ್ಟಲೆ ಸಾಕಿಕೊಂಡು ಬಂದಿರುವ ಕಡೆಯಿಂದಲೇ ತರಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೋಫಿಲಾ (ಹಣ್ಣುನೊಣ) ಸ್ಟಾಕ್ ಸೆಂಟರ್ ಇದೆ, ನಿಮ್ಮ ಲೆಕ್ಚರರ್ ಮೂಲಕ ಕಾಲೇಜಿನ ಪತ್ರ ಕೊಟ್ಟು ಕೇಳಿಸು.

ಊಟಕ್ಕೆ ರವೆ, ಬೆಲ್ಲ, ಅಗರ್ ಅಗರ್ ಗಂಜಿ ಮಾಡಿ, ಆರಿದ ಮೇಲೆ ಮೇಲೊಂದಿಷ್ಟು ಯೀಸ್ಟ್. ಬೂಸ್ಟು ಹಿಡಿಯದಿರಲು ಲ್ಯಾಬಿನಲ್ಲಿ ಪ್ರೊಪಿಯಾನಿಕ್ ಆಮ್ಲ ಹಾಕುತ್ತಾರೆ, ಅದನ್ನು ದೊಡ್ಡವರು ಹಾಕಲಿ. ನಾನು ಮೊದಲ ಸಲ ಅದಿಲ್ಲದೆ ಸುಮ್ನೆ ರವೆ ಗಂಜಿ ಇಟ್ಟಿದ್ದೆ, ನಾಲ್ಕನೇ ದಿನಕ್ಕೆ ಬಾಟಲಿಯೊಳಗೆ ಹಸಿರು ಕಂಬಳಿ ಹೊದಿಸಿದ ಹಾಗಿತ್ತು, ಉಳಿದ ಇನ್ನೊಂದು ಬಾಟಲಿಗೆ ಇರುವೆ ನುಗ್ಗಿತು. ಸಕ್ಕರೆ ಡಬ್ಬಿಯನ್ನು ಇಡುವ ಹಾಗೆ ನೀರಿನ ತಟ್ಟೆಯಲ್ಲಿ ಇಡು.

ಪ್ರಶ್ನೆ: ನನ್ನ ತಂದೆಗೆ ಕೆಂಪು-ಹಸಿರು ಬಣ್ಣ ಗೊತ್ತಾಗುತ್ತಿರಲಿಲ್ಲ. ಈಗ ನನ್ನ ಮಗನಿಗೂ ಹಾಗೇ ಇದೆ. ನನಗೂ ನನ್ನ ಗಂಡನಿಗೂ ಇಲ್ಲ. "ನಿಮ್ಮ ತವರಿನ ಕಡೆಯಿಂದಲೇ ಬಂದದ್ದು" ಎನ್ನುತ್ತಾರೆ ಅತ್ತೆ. ನಿಜವಾ?
– ಗೃಹಿಣಿ, ಮಲ್ಲೇಶ್ವರ

ಉತ್ತರ: ಈ ಒಂದು ಮಾತಿನಲ್ಲಿ ನಿಮ್ಮ ಅತ್ತೆಯವರದ್ದು ಸರಿ ಅಮ್ಮಾ! ಮೇಲಿನ ನೊಣದ ಕಥೆಯೇ ಇದು. ನಿಮ್ಮ ತಂದೆಯ ಎಕ್ಸ್ ನಿಮಗೆ ಬಂತು, ನಿಮ್ಮ ಇನ್ನೊಂದು ಎಕ್ಸ್ ಸರಿ ಇದ್ದದ್ದರಿಂದ ನಿಮಗೆ ತೊಂದರೆ ಆಗಲಿಲ್ಲ. ಮಗನಿಗೆ ಎರಡರಲ್ಲಿ ಯಾವುದು ಹೋಗುತ್ತದೆ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ, ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ, ಅದನ್ನೂ ಅತ್ತೆಯವರಿಗೆ ಓದಿ ಹೇಳಿ. ಮಗಳಿದ್ದರೆ ಅವಳಿಗೆ ಅಪ್ಪನ ಎಕ್ಸ್ ಕಾವಲಿಗಿದೆ, ಬಣ್ಣ ಚೆನ್ನಾಗಿಯೇ ಕಾಣುತ್ತದೆ, ನಿಮ್ಮ ಹಾಗೆ ಒಳಗೊಳಗೇ ಹೊತ್ತಿರಬಹುದು ಅಷ್ಟೇ. ಮಗನ ಟೀಚರಿಗೆ ಈಗಲೇ ಒಂದು ಮಾತು ಹೇಳಿಡಿ. ಹಸಿರು ಬೋರ್ಡಿನ ಮೇಲೆ ಕೆಂಪು ಚಾಕ್‌ಪೀಸಿನಲ್ಲಿ ಬರೆದರೆ ಅವನಿಗೆ ಓದುವುದು ಕಷ್ಟ.