ಹಿಡಿಂಬನ ಕೈಗೆ ಲೇಸರ್ ಗನ್ ಕೊಡುವ ಮೊದಲು

ಚಳ್ಳಕೆರೆಯ ಓದುಗರೊಬ್ಬರ ಪತ್ರದ ಸಾರ ಇದು: "ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಏಳು ಸುತ್ತಿನ ಕೋಟೆ ಇರುವ ಒಂದು ಕಲ್ಪನೆಯ ನಾಡು. ಅಲ್ಲಿ ಹಿಡಿಂಬ ಇದ್ದಾನೆ, ಉತ್ತರದ ದೇಶಗಳ ಗುಡುಗಿನ ದೇವರು ಥಾರ್ ಇದ್ದಾನೆ, ರೋಬೋಟ್ ಸೈನ್ಯ ಇದೆ, 'ನಾಳೆ ಬಾ' ದೆವ್ವವೂ ಇದೆ. ಓದಿದ ಗೆಳೆಯರು ಚಿತ್ರಾನ್ನ ಅಂತ ನಗುತ್ತಾರೆ. ಹಳೆಯ ಪುರಾಣಕ್ಕೆ ಹೊಸದನ್ನು ಬೆರೆಸುವುದೇ ತಪ್ಪಾ? ಭಕ್ತರು ಬೇಜಾರು ಮಾಡಿಕೊಂಡರೆ ಏನು ಮಾಡಲಿ?"

ನಮಸ್ಕಾರ. ನೀವು ಕಳಿಸಿದ ಅಧ್ಯಾಯಗಳನ್ನು ಓದಿದೆ. ಬೆರೆಸಿದ್ದು ತಪ್ಪಲ್ಲ. ನಮ್ಮ ಸೀಮೆಯಲ್ಲಿ ಬೆರೆಸದೆ ಬಿಟ್ಟವರು ಯಾರಿದ್ದಾರೆ ಹೇಳಿ? ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನ ಇದೆ. ಜಟಾಯು ಬಿದ್ದಿದ್ದೂ ಅಲ್ಲೇ ಅಂತಾರೆ ಜನ. ಅದೇ ಜಟಾಯು ಲೇಪಾಕ್ಷಿಯಲ್ಲೂ ಬಿದ್ದಿದ್ದಾನೆ, ಕೇರಳದ ಚಡಯಮಂಗಲದಲ್ಲೂ ಬಿದ್ದಿದ್ದಾನೆ. ಇನ್ನು ಚಿತ್ರದುರ್ಗದ ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿ. ಭೀಮನ ಕೈಲಿ ಸತ್ತ ರಾಕ್ಷಸನ ಹೆಸರಿಟ್ಟುಕೊಂಡೇ ಶಿವ ಅಲ್ಲಿ ಪೂಜೆ ಮಾಡಿಸಿಕೊಳ್ಳುತ್ತಾನೆ.

ನಿಮ್ಮ ಕಥೆಯ ತೊಂದರೆ ಬೇರೆ. ನೀವು ಹೆಸರುಗಳನ್ನು ಮಾತ್ರ ಕರೆತಂದಿದ್ದೀರಿ. ಅವುಗಳ ಷರತ್ತುಗಳನ್ನು ಹಿಂದೆಯೇ ಬಿಟ್ಟು ಬಂದಿದ್ದೀರಿ.

ಹರಿಹರಕ್ಕೆ ನೀವು ಹೋಗಿಯೇ ಇರುತ್ತೀರಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ಒಳಗೆ ಒಂದೇ ವಿಗ್ರಹ, ಅರ್ಧ ಹರಿ, ಅರ್ಧ ಹರ. ಇಬ್ಬರನ್ನು ಒಂದು ಮಾಡಿದ್ದು ಯಾಕೆ? ಸ್ಥಳಪುರಾಣದ ಪ್ರಕಾರ, ಗುಹಾಸುರ ಬ್ರಹ್ಮನಿಂದ ವರ ಪಡೆದಿದ್ದ: ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು. ವರವನ್ನು ಮುರಿಯುವ ಹಾಗಿಲ್ಲ, ಅಸುರನನ್ನು ಬಿಡುವ ಹಾಗೂ ಇಲ್ಲ. ಹಾಗಾಗಿ ಇಬ್ಬರೂ ಸೇರಿ ಒಬ್ಬರಾದರು. ಎರಡು ದೇವರು ಬೆರೆತದ್ದು ಚೆಂದಕ್ಕಲ್ಲ, ಬೇರೆ ದಾರಿ ಇರಲಿಲ್ಲ ಅಂತ.

ಈಗ ನಿಮ್ಮ 'ನಾಳೆ ಬಾ'ಗೆ ಬನ್ನಿ. 1990ರ ದಶಕದಲ್ಲಿ ಹಬ್ಬಿದ ಸುದ್ದಿ ಅದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು. ಅದಕ್ಕೇ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿಡುತ್ತಿದ್ದರು. ದೆವ್ವ ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. (ಆ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಕೊಟ್ಟ ಮಾತಿಗೆ ಬೆಲೆಯೂ ಇದೆ. ಎಷ್ಟೋ ಮನುಷ್ಯರಿಗಿಂತ ವಾಸಿ.) ಗುಹಾಸುರನ ವರಕ್ಕೂ ಈ ಬಾಗಿಲ ಬರಹಕ್ಕೂ ನಡುವೆ ನೂರಾರು ವರ್ಷ ಕಳೆದಿವೆ, ಆದರೆ ಜಾತಿ ಒಂದೇ. ಎರಡರಲ್ಲೂ ಆಡಿದ ಮಾತು ಕಟ್ಟಿಹಾಕುತ್ತದೆ, ಆ ಮಾತಿನಲ್ಲೇ ಒಂದು ಸಂದಿಯೂ ಇರುತ್ತದೆ. ನಿಮ್ಮ ಹಳೆಯದು ಹೊಸದು ಹೊಂದಿಕೊಳ್ಳುವ ಜಾಗ ಅದೇ. ನಿಮ್ಮ ಕಥೆಯಲ್ಲಾದರೋ ಆ ದೆವ್ವ ಸುಮ್ನೆ ಕಿರುಚುತ್ತಾ ಹಾರಾಡುತ್ತದೆ. ಬಾಗಿಲೂ ಇಲ್ಲ, ಬರಹವೂ ಇಲ್ಲ.

ಹಿಡಿಂಬನಿಗೂ ನೀವು ಲೇಸರ್ ಗನ್ ಕೊಟ್ಟು ಕೈ ತೊಳೆದುಕೊಂಡಿದ್ದೀರಿ. ನನ್ನನ್ನು ಕೇಳಿದರೆ ಅವನಿಗಿಂತ ಅವನ ತಂಗಿ ಹಿಡಿಂಬಿ ನಿಮಗೆ ಜಾಸ್ತಿ ಕೆಲಸಕ್ಕೆ ಬರುತ್ತಾಳೆ. ಹಗಲು ಭೀಮ ನಿನ್ನ ಜೊತೆ ಇರಲಿ, ಸಂಜೆ ಆದರೆ ನಮ್ಮ ಹತ್ತಿರ ಬಿಡಬೇಕು ಎಂಬ ಪಾಂಡವರ ಷರತ್ತಿನ ಮೇಲೆ ಆದ ಮದುವೆ ಅದು. ಅದೂ ಮಗ ಹುಟ್ಟುವ ತನಕ ಮಾತ್ರ. ಒಂದು ಇಡೀ ಅಧ್ಯಾಯಕ್ಕಾಗುವಷ್ಟು ಸಂಕಟ ಅದರಲ್ಲಿದೆ, ಅಲ್ವಾ?

ರೋಬೋಟ್ ಸೈನ್ಯ ಎಲ್ಲಿಂದಲೋ ತಂದಂತಿದೆ. ನಿಮ್ಮ ಮನೆ ಹಿತ್ತಲಲ್ಲೇ ಏನಿದೆ ನೋಡಿ. 2024ರ ಮಾರ್ಚ್ 22ರಂದು ಚಳ್ಳಕೆರೆ ಹತ್ತಿರದ ಪರೀಕ್ಷಾ ವಲಯದಲ್ಲಿ ಇಸ್ರೋದ 'ಪುಷ್ಪಕ್' ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಸರಿಪಡಿಸಿಕೊಂಡು ರನ್‌ವೇಗೆ ಬಂದು ನಿಂತಿತು. ಬಾಹ್ಯಾಕಾಶಕ್ಕೆ ಹೋಗಿ ವಾಪಸ್ ಬಂದು ಮತ್ತೆ ಹಾರುವ ವಾಹನಕ್ಕಾಗಿ ನಡೆದ ಪ್ರಯೋಗ ಇದು. ರಾಮಾಯಣದ ಪುಷ್ಪಕವೂ ವಾಪಸ್ ಹೋಗುವ ವಾಹನವೇ. ಕುಬೇರನದನ್ನು ರಾವಣ ಕಿತ್ತುಕೊಂಡ. ರಾಮ ಅದರಲ್ಲಿ ಊರು ಸೇರಿದ ಮೇಲೆ ಕುಬೇರನಿಗೇ ಕಳಿಸಿಬಿಟ್ಟ. ಯಾರು ಕದ್ದರೂ ಕೊನೆಗೆ ಒಡೆಯನ ಬಳಿಗೇ ಮರಳುವ ಯಂತ್ರ ನಿಮ್ಮ ನಾಡಲ್ಲಿದ್ದರೆ ರಾಜ ಏನು ಮಾಡುತ್ತಾನೆ?

ಇಸ್ರೋದಂಥ ಸಂಸ್ಥೆಗಳೆಲ್ಲ ಅಲ್ಲಿಗೆ ಬಂದಿದ್ದು ಅಮೃತ್ ಮಹಲ್ ಕಾವಲಿಗೆ, ಅಂದರೆ ಅಮೃತ್ ಮಹಲ್ ತಳಿಯ ದನಗಳಿಗೆಂದು ಹಿಂದೆ ಮೀಸಲಿಟ್ಟ ಹುಲ್ಲುಗಾವಲಿಗೆ. ಬೇಲಿ, ಗೋಡೆ ಎದ್ದಾಗ ದನ, ಕುರಿ ಮೇಯಿಸುವವರು ತಕರಾರು ಮಾಡಿದ್ದು ನಿಮಗೆ ಗೊತ್ತೇ ಇದೆ. ಅದೇ ಸೀಮೆಯಲ್ಲಿ ದನ ಸಾಕುವ ಮ್ಯಾಸಬೇಡ ಸಮುದಾಯದವರು ದೇವರಿಗೆ ಬಿಟ್ಟ 'ದೇವರ ಎತ್ತು'ಗಳಿವೆ. ಅವುಗಳನ್ನು ನೇಗಿಲಿಗೆ ಕಟ್ಟುವುದಿಲ್ಲ. ಕಾಯುವವನು ಕಿಲಾರಿ. ನಿಮ್ಮ ಕಥೆಯಲ್ಲಿ ನೊಗಕ್ಕೆ ಹೆಗಲು ಕೊಡದ ಒಂದು ಹಿಂಡು ಗೋಡೆಯ ಮುಂದೆ ಬಂದು ನಿಲ್ಲಲಿ. ಗೇಟಿನಲ್ಲಿರುವ ಯಂತ್ರ ಪಾಸ್ ಇಲ್ಲದೆ ಯಾರನ್ನೂ ಬಿಡುವಂತಿಲ್ಲ. ಹಿಂಡು ಹಿಂದಕ್ಕೆ ಹೆಜ್ಜೆ ಇಡುವಂತಿಲ್ಲ. ಇಬ್ಬರದೂ ಕಟ್ಟಳೆಯೇ. ಕಿಲಾರಿ ಏನು ಮಾಡುತ್ತಾನೆ ಅಂತ ನನಗೂ ಕುತೂಹಲ.

ಥಾರ್‌ನನ್ನು ಬಿಟ್ಟುಬಿಡಿ. ಪರದೇಶದವನು ಅಂತಲ್ಲ, ಅವನಿಗೆ ಅಲ್ಲಿ ಕೆಲಸವೇ ಇಲ್ಲ. ಮಳೆಗಾಗಿ ಮುಗಿಲು ನೋಡುವ ಊರಲ್ಲಿ ಗುಡುಗಿನ ದೇವರನ್ನು ಕೋಟೆ ಬಾಗಿಲು ಕಾಯಲು ನಿಲ್ಲಿಸಿದ್ದೀರಿ!

ಭಕ್ತರ ವಿಷಯ. ವರ್ಷ ವರ್ಷ ಜಾತ್ರೆ ಆಗುವ ದೇವರ ಹೆಸರನ್ನು ಹಾಗೇ ಬಳಸಬೇಡಿ. ಹೊಸ ಹೆಸರಿಡಿ, ಹೊಸ ಗುಡಿ ಕಟ್ಟಿ. ದೇವರ ಎತ್ತಿನ ಬಗ್ಗೆ ಬರೆಯುವ ಮೊದಲು ಒಬ್ಬ ಕಿಲಾರಿಯ ಜೊತೆ ಕೂತು ಮಾತಾಡಿ. ಏನು ಬರೆಯಬಾರದು ಅಂತ ಅವರೇ ಹೇಳುತ್ತಾರೆ. ಅದನ್ನು ಬರೆಯಬೇಡಿ.

ಇನ್ನೊಂದು. ನಿಮ್ಮ ರಾಕ್ಷಸರು ಹಳೇ ನಾಟಕದ ಕನ್ನಡ ಮಾತಾಡುತ್ತಾರೆ, ರೋಬೋಟ್‌ಗಳು ಮಾತ್ರ ಚಳ್ಳಕೆರೆಯವರ ಹಾಗೆ. ಅದಲು ಬದಲು ಮಾಡಿ ನೋಡಿ, ಮಜಾ ಬರುತ್ತದೆ.

ತಿದ್ದಿದ ಮೇಲೆ ಮೊದಲ ಎರಡು ಅಧ್ಯಾಯ ಕಳಿಸಿ. ದೇವರುಗಳ ವಂಶವೃಕ್ಷದ ನಾಲ್ಕು ಪುಟದ ಚಾರ್ಟ್ ಈ ಸಲ ಬೇಡ.

ಸಂಪಾದಕ, ದಾವಣಗೆರೆ