ಆ ದುಡ್ಡು ನಮ್ಮ ಕೈಗೇ ಕೊಟ್ರೆ ಆಗಲ್ವಾ ಅಂದ್ರಲ್ಲ

ಸರ್ಕಾರಿ ಶಾಲೇಲಿ ಒಂದು ಮಗೂಗೆ ಖರ್ಚು ಮಾಡೋ ದುಡ್ಡನ್ನ ಅಪ್ಪ ಅಮ್ಮಂಗೇ ಕೊಟ್ರೆ ಮಕ್ಳು ಜಾಸ್ತಿ ಕಲೀತಾರಾ ಅಂತ ಕೇಳಿದ್ರಲ್ಲ ಸಾರ್, ಪಕ್ಕದ ಆಂಧ್ರದಲ್ಲಿ 2008ರಿಂದ ನಾಲ್ಕು ವರ್ಷ ಇಂಥದ್ದನ್ನೇ ಮಾಡಿ ನೋಡಿದಾರೆ. ಹಳ್ಳಿಗಳಲ್ಲಿ ಲಾಟರಿ ಎತ್ತಿ ವೋಚರ್, ಅಂದ್ರೆ ಶಾಲೆ ಖರ್ಚಿಗಾಗೋ ಕೂಪನ್, ಕೊಟ್ಟು ಪ್ರೈವೇಟ್ ಶಾಲೆಗೆ ಕಳ್ಸಿದ್ರು, ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಅವರ ಸ್ಟಡಿ ಅದು. ಸರ್ಕಾರಿ ಶಾಲೆ ಮಕ್ಳಿಗೂ ಇವ್ರಿಗೂ ತೆಲುಗು, ಗಣಿತದಲ್ಲಿ ವ್ಯತ್ಯಾಸಾನೇ ಇಲ್ಲ, ಹಿಂದೀಲಿ ಮಾತ್ರ ಮುಂದೆ. ಆದ್ರೆ ಪ್ರೈವೇಟ್‌ನವ್ರು ಅಷ್ಟನ್ನ ಸರ್ಕಾರಿ ಶಾಲೆ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಮ್ಮೀಲಿ ಮಾಡಿದ್ರು. ಮ್ಯಾಜಿಕ್ ಏನಿಲ್ಲ, ಟೀಚರಿಗೆ ಕೊಡೋ ಸಂಬಳ ಅಷ್ಟು ಕಮ್ಮಿ.

ನಮ್ಮಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಪ್ರೈವೇಟ್ ಶಾಲೇಲಿ ಬಡ ಮಕ್ಳಿಗೆ ಇಡೋ 25% ಸೀಟೂ ಒಂಥರಾ ವೋಚರ್ರೇ. 2019ರಲ್ಲಿ ರೂಲ್ ಬದ್ಲಾಯ್ಸಿ, ಹತ್ರದಲ್ಲಿ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಆ ಸೀಟಿಲ್ಲ ಅಂದ್ಬಿಟ್ರು, ಅಲ್ಲಿಗೆ ಚಾಯ್ಸ್ ಅನ್ನೋದು ಹೆಚ್ಚು ಕಮ್ಮಿ ಮುಗೀತು. ಅದಕ್ಕೆ ಮುಂಚೆ ನಮ್ಮಕ್ಕನ ಮಗಳಿಗೆ ಸೀಟ್ ಸಿಕ್ಕಿತ್ತು, ಫೀಸ್ ಸರ್ಕಾರದ್ದು ಸರಿ, ಜೂನ್ ಎರಡನೇ ವಾರಕ್ಕೇ ಡೈರೀಲಿ ಪಿನ್ ಹೊಡ್ದು ಒಂದು ಚೀಟಿ ಬಂತು ನೋಡಿ, ಬುಕ್ಸು, ಎರಡು ಜೊತೆ ಯೂನಿಫಾರ್ಮು, ಶೂ, 'ಆಕ್ಟಿವಿಟಿ ಚಾರ್ಜ್' ಅಂತೆ, ಅಕ್ಕ ಓಲೆ ಅಡ ಇಟ್ಟು ಕಟ್ಟಿದ್ಲು.

ನಾನು ಚಾಯ್ಸ್ ಪರಾನೇ. ಆದ್ರೆ ವೋಚರ್ ಕೊಡೋದಾದ್ರೆ ಈ ಚೀಟಿ ಖರ್ಚೂ ಸೇರಿಸಿ ಕೊಡ್ಬೇಕು, ಇಲ್ದಿದ್ರೆ ಓಲೆ ಇರೋರಿಗೆ ಮಾತ್ರ ಚಾಯ್ಸು. ಮತ್ತೆ ಒಬ್ರೇ ಮೇಷ್ಟ್ರು ನಾಲ್ಕು ಕ್ಲಾಸ್ ಒಟ್ಟಿಗೆ ಕೂರ್ಸ್ಕೊಂಡು ಪಾಠ ಮಾಡೋ ಊರಲ್ಲಿ, ಸುತ್ತ ಬೇರೆ ಶಾಲೇನೇ ಇಲ್ಲ ಅಂದ್ರೆ, ವೋಚರ್ ತಗೊಂಡು ಎಲ್ಲಿಗೆ ಹೋಗ್ತೀರಾ ಹೇಳಿ?