ಸೋಡಿಯಂ ಕಡಿಮೆ ಇದ್ರೂ ಉಪ್ಪು ಬೇಡ ಅಂತಾರೆ, ಯಾಕೆ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಹಾರ್ಟ್ ಫೇಲ್ಯೂರ್ ಅಂತ ಅಡ್ಮಿಟ್ ಮಾಡಿದ್ದೇವೆ. ಕಾಲು ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ರಿಪೋರ್ಟ್‌ನಲ್ಲಿ ಸೋಡಿಯಂ 128, ಪೊಟ್ಯಾಸಿಯಂ 3.2 ಇದೆ. ಸೋಡಿಯಂ ಕಡಿಮೆ ಅಂತ ಡಾಕ್ಟರೇ ಹೇಳಿ, ಉಪ್ಪು ಕೊಡಬೇಡಿ, ನೀರೂ ಅಳೆದು ಕೊಡಿ ಅಂತಾರೆ. ಇದೆಂಥ ಲೆಕ್ಕ? ದಿನಾ ರಕ್ತ ತೆಗೆಯೋದು ಬೇರೆ.

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಡಾಕ್ಟರ್ ಹೇಳಿದ್ದು ಸರಿ. ಒಂದು ಲೋಟ ಉಪ್ಪುನೀರಿಗೆ ಇನ್ನೊಂದು ಲೋಟ ನೀರು ಸುರಿದರೆ ರುಚಿ ಸಪ್ಪೆ ಆಗುತ್ತದೆ, ಉಪ್ಪೇನೂ ಎಲ್ಲೂ ಹೋಗಿರುವುದಿಲ್ಲ, ಅಲ್ವಾ? ಅಪ್ಪನ ರಕ್ತದಲ್ಲೂ ಬಹುಮಟ್ಟಿಗೆ ಆಗಿರುವುದು ಇದೇ. ಹೃದಯ ಸರಿಯಾಗಿ ಪಂಪ್ ಮಾಡದಿದ್ದಾಗ ದೇಹ ರಕ್ತ ಸಾಲುತ್ತಿಲ್ಲ ಅಂದುಕೊಂಡು ವಾಸೋಪ್ರೆಸಿನ್ ಅನ್ನೋ ಹಾರ್ಮೋನ್ ಬಿಡುತ್ತದೆ, ಅದು ಮೂತ್ರದಲ್ಲಿ ಹೋಗಬೇಕಾದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲಿನ ಊತದಲ್ಲಿ ಉಪ್ಪೂ ಇದೆ, ನೀರೂ ಇದೆ. ನೀರಿನ ಪಾಲು ಜಾಸ್ತಿ, ಅಷ್ಟೇ. ಈಗ ಉಪ್ಪು ಕೊಟ್ಟರೆ ಬಾಯಾರಿಕೆ, ಊತ ಎರಡೂ ಏರುತ್ತವೆ.

ಸೋಡಿಯಂ 135ರಿಂದ 145 ಇರಬೇಕು. ಹಾರ್ಟ್ ಫೇಲ್ಯೂರ್ ಆಗಿ ಅಡ್ಮಿಟ್ ಆದ ಸುಮಾರು ಐವರಲ್ಲಿ ಒಬ್ಬರಿಗೆ 135ಕ್ಕಿಂತ ಕಡಿಮೆ ಇರುತ್ತದೆ. ಅಂಥವರು ಆಸ್ಪತ್ರೆಯಲ್ಲಿ ಜಾಸ್ತಿ ದಿನ ಉಳಿಯುತ್ತಾರೆ, ಅವರಲ್ಲಿ ಸಾವಿನ ಅಪಾಯವೂ ಹೆಚ್ಚು. ಹಾಗಂತ ಆ ನಂಬರ್ ಒಂದನ್ನೇ ಮೇಲೆತ್ತಿದರೆ ಸಾಕಾ? ಎವರೆಸ್ಟ್ ಅನ್ನೋ ಟ್ರಯಲ್‌ನಲ್ಲಿ 4,133 ರೋಗಿಗಳ ಮೇಲೆ ಟಾಲ್ವಾಪ್ಟಾನ್ ಅನ್ನೋ, ವಾಸೋಪ್ರೆಸಿನ್ ಕೆಲಸ ತಡೆದು ನೀರು ಹೊರಹಾಕಿಸುವ ಮಾತ್ರೆ ಪರೀಕ್ಷಿಸಿದರು. ಕಡಿಮೆ ಇದ್ದವರ ಸೋಡಿಯಂ ಏರಿತು, ತೂಕ ಇಳಿಯಿತು, ಆದರೆ ಸಾವು ಕಡಿಮೆ ಆಗಲಿಲ್ಲ. 2007ರಲ್ಲಿ ಬಂದ ಫಲಿತಾಂಶ ಇದು. ಹಾಗಾಗಿ ನಾನು ಸೋಡಿಯಂ ನೋಡುವುದು ಹೃದಯ ಎಷ್ಟು ದಣಿದಿದೆ ಅಂತ ತಿಳಿಯೋಕೆ. ಇನ್ನೊಂದು ಮಾತು, ಅದನ್ನು ಒಂದೇ ದಿನದಲ್ಲಿ ತುಂಬಾ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ನಿಧಾನವೇ ಒಳ್ಳೆಯದು.

ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಚಿಂತೆ ಪೊಟ್ಯಾಸಿಯಂನ ಆ 3.2ರದ್ದು. ನೀರು ಇಳಿಸೋಕೆ ಕೊಡುವ ಫ್ಯೂರೋಸೆಮೈಡ್ ಇಂಜೆಕ್ಷನ್ ಮೂತ್ರದ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಹೊರಗೆ ಹಾಕುತ್ತದೆ. ಪೊಟ್ಯಾಸಿಯಂ ಕುಸಿದರೆ ಎದೆಬಡಿತದ ಲಯ ತಪ್ಪುತ್ತದೆ, 6 ದಾಟಿದರೂ ತಪ್ಪುತ್ತದೆ. ಹೃದಯದ ರೋಗಿಗಳಲ್ಲಿ ಸಾಮಾನ್ಯವಾಗಿ 4ರಿಂದ 5ರ ಒಳಗೆ ಇಡೋಕೆ ನೋಡುತ್ತೇವೆ. ಬಾಟಲಿಗಟ್ಟಲೆ ಪೊಟ್ಯಾಸಿಯಂ ಸಿರಪ್ ಕುಡಿಸಿದರೂ ಏರದೆ ಹಟ ಹಿಡಿದರೆ ಮೆಗ್ನೀಸಿಯಂ ನೋಡಿದ್ದಾರಾ ಅಂತ ಕೇಳಿ, ಅದು ಕಡಿಮೆ ಇದ್ದರೆ ಮೂತ್ರಪಿಂಡ ಪೊಟ್ಯಾಸಿಯಂ ಸೋರಿಸುತ್ತಲೇ ಇರುತ್ತದೆ. ದಿನಾ ರಕ್ತ ತೆಗೆಯೋದು ಇದಕ್ಕೇ. ಒಂದು ದಿನ ಇದ್ದಕ್ಕಿದ್ದಂತೆ 6.1 ಅಂತ ಬಂದರೆ ಗಾಬರಿ ಬೇಡ. ರಕ್ತ ತೆಗೆಯುವಾಗ ಕಣಗಳು ಒಡೆದಿದ್ದರೂ ಸುಳ್ಳು ನಂಬರ್ ಬರುತ್ತದೆ. ಇಸಿಜಿ ಮಾಡಿ, ಮತ್ತೆ ಸ್ಯಾಂಪಲ್ ಕಳಿಸುತ್ತಾರೆ.

ಮನೆಗೆ ಹೋದ ಮೇಲೆ ಕಥೆ ಉಲ್ಟಾ ಆಗಬಹುದು. ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ. ಅದರ ಮೇಲೆ 'ಕಡಿಮೆ ಸೋಡಿಯಂ ಉಪ್ಪು' ಅಂತ ಮಾರುವ ಪುಡಿ ತಂದು ಹಾಕಬೇಡಿ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮಂಡಿನೋವಿಗೆ ಅಂತ ಐಬುಪ್ರೊಫೆನ್ ಕೂಡ ಸುಮ್ನೆ ನುಂಗಿಸಬೇಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ರಕ್ತ ಪರೀಕ್ಷೆಯ ತಾರೀಖು ಬರೆಸಿಕೊಳ್ಳಿ. ಸ್ಪೈರೊನೊಲ್ಯಾಕ್ಟೋನ್ ಹೊಸದಾಗಿ ಶುರು ಮಾಡಿದ್ದರೆ ಒಂದು ವಾರದೊಳಗೇ ಮಾಡಿಸಬೇಕು.